ಮಲ್ಲಿಗೆ ಮುಡಿದ ಮಧ್ಯಾಹ್ನಕ್ಕೆ ಯಾವ ಪರ್ಫ್ಯೂಮ್: ಗೆಳತಿಗೊಂದು ಪತ್ರ

ಪ್ರೀತಿಯ ಸುಮಾ,

ಬಸವನಗುಡಿಯ ನಿಶ್ಚಿತಾರ್ಥಕ್ಕೆ ಯಾವ ಪರ್ಫ್ಯೂಮ್ ಹಾಕ್ಕೊಳ್ಳಲಿ ಅಂತ ಕೇಳಿದ್ದೀಯ. ಮೊದಲು ಮುಡಿಗೆ ಯಾವ ಹೂ ಅಂತ ತೀರ್ಮಾನ ಮಾಡ್ಕೋ. ಕನಕಾಂಬರಕ್ಕೆ ವಾಸನೆಯೇ ಇಲ್ಲ, ಅದಾದರೆ ಯಾವ ಪರಿಮಳವಾದರೂ ನಡೆಯುತ್ತೆ. ಎರಡು ಮೊಳ ಮಲ್ಲಿಗೆ ಮುಡಿದೆಯೋ, ಅರ್ಧ ಪರ್ಫ್ಯೂಮ್ ಆಗಲೇ ತಲೆಯಲ್ಲಿದೆ. ಜೊತೆಗೆ ಸುಗಂಧರಾಜದ ಹಾರ, ಊದಿನಕಡ್ಡಿ, ಊಟದ ಹಾಲ್‌ನಿಂದ ಬರೋ ಒಗ್ಗರಣೆ ವಾಸನೆ. ಇಷ್ಟರ ಮೇಲೆ ಸುಗಂಧರಾಜದ್ದೇ ಪರ್ಫ್ಯೂಮ್ ಹಾಕಿದರೆ ಪಕ್ಕ ಕೂತವರಿಗೆ ತಲೆನೋವು.

ಮಲ್ಲಿಗೆಯಲ್ಲಿ ಇಂಡೋಲ್ ಅನ್ನೋ ಅಂಶ ಇರುತ್ತೆ. ಚೂರೇ ಚೂರು ಇದ್ದರೆ ಹೂವಿಗೆ ಜೀವ ಕೊಡುತ್ತೆ, ಜಾಸ್ತಿಯಾದರೆ ನುಸಿಗುಳಿಗೆ ಇಟ್ಟ ಬೀರು ತೆಗೆದ ಹಾಗೆ. ಸಂಜೆ ಬಿರಿಯೋ ಹೂವಿನ ಆ ಗಾಢ ಪರಿಮಳ ಸಂಜೆಯ ರಿಸೆಪ್ಷನ್‌ಗೇ ಚೆಂದ. ಹಗಲಿಗೆ ಗುಲಾಬಿ, ಪಿಯೋನಿ, ಲಿಲಿ ಆಫ್ ದ ವ್ಯಾಲಿ, ಮೇಲೆ ಸ್ವಲ್ಪ ಬೆರ್ಗಮಾಟ್ ಅನ್ನೋ ನಿಂಬೆ ಜಾತಿಯ ಹಣ್ಣಿನ ಘಮ ಇರೋದು ನೋಡು. ಲಿಲಿ ಆಫ್ ದ ವ್ಯಾಲಿ ಹೂವಿನಿಂದ ಪರ್ಫ್ಯೂಮಿಗೆ ಒದಗೋ ಎಣ್ಣೆ ತೆಗೆಯೋಕೆ ಆಗಲ್ಲ, ಬೇರೆ ಬೇರೆ ಅಂಶ ಕೂಡಿಸಿಯೇ ಆ ಪರಿಮಳ ಕಟ್ಟಬೇಕು. ಡಿಯೋರ್ ಕಂಪನಿಯ 1956ರ ಪರ್ಫ್ಯೂಮ್ ಡಿಯೋರಿಸಿಮೊ ಹಾಗೆ ಕಟ್ಟಿದ್ದು. ನನ್ನ ಮಟ್ಟಿಗೆ ಹಗಲಿನ ಪರಿಮಳಕ್ಕೆ ಅದಕ್ಕಿಂತ ಒಳ್ಳೆ ಮಾದರಿ ಇಲ್ಲ.

ಹನ್ನೊಂದಕ್ಕೆ ಹೋಗಿ ಮೂರಕ್ಕೆ ಬರೋ ಕಾರ್ಯಕ್ಕೆ ಓ ದ ಟಾಯ್ಲೆಟ್ ಅನ್ನೋ ತೆಳು ಬಗೆಯ ಪರ್ಫ್ಯೂಮ್ ಸಾಕು. ಅದರಲ್ಲಿ ಸುಗಂಧದ ಪ್ರಮಾಣ ಹೆಚ್ಚುಕಡಿಮೆ 5ರಿಂದ 15 ಶೇಕಡಾ. ಅದಕ್ಕಿಂತ ಗಾಢವಾದ ಓ ದ ಪರ್ಫ್ಯೂಮ್‌ನಲ್ಲಿ 15ರಿಂದ 20, ಅದನ್ನು ತಗೊಂಡರೆ ಸ್ಪ್ರೇ ಒಂದು ಕಮ್ಮಿ ಮಾಡು.

ಅಂಗಡಿಯಲ್ಲಿ ಮೂರಕ್ಕಿಂತ ಜಾಸ್ತಿ ಮೂಸಬೇಡ, ಆಮೇಲೆ ಮೂಗು ವ್ಯತ್ಯಾಸ ಹಿಡಿಯಲ್ಲ. ಇಷ್ಟವಾದದ್ದನ್ನು ಕಾಗದದ ಪಟ್ಟಿಗೂ ಮೊಣಕೈ ಒಳಬದಿಗೂ ಹಾಕ್ಕೊಂಡು ಸೀದಾ ಗಾಂಧಿ ಬಜಾರ್‌ಗೆ ಹೋಗು. ಒಂದು ಮೊಳ ಮಲ್ಲಿಗೆ ತಗೊಂಡು ಪಟ್ಟಿಯನ್ನು ಅದರ ಪಕ್ಕ ಹಿಡಿದು ಮೂಸು. ಹೂ ಹೂವಾಗೇ ಉಳಿದು, ಹಿಂದೆ ಇನ್ನೊಂದು ತೆಳುವಾಗಿ ಬಂದರೆ ಜೋಡಿ ಸರಿ. ಎರಡೂ ಕಲೆತು ಸೋಪಿನ ವಾಸನೆ ಬಂದರೆ ಬಿಟ್ಟುಬಿಡು. ಅರ್ಧ ಗಂಟೆ ಕಳೆದ ಮೇಲೆ ಕೈಯಲ್ಲಿ ಉಳಿದದ್ದನ್ನೂ ನೋಡು. ಮೊದಲ ಹದಿನೈದು ನಿಮಿಷದ ನಿಂಬೆಯ ಘಮಕ್ಕೆ ಮರುಳಾಗಿ ದುಡ್ಡು ಕೊಡಬೇಡ, ಹಾಲ್‌ನಲ್ಲಿ ನಾಲ್ಕು ಗಂಟೆ ಜೊತೆಗಿರೋದು ಆಮೇಲೆ ಬರೋ ಪರಿಮಳ.

ಆ ದಿನ ಸ್ನಾನವಾದ ಮೇಲೆ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚು. ಮಾರ್ಚ್‌ನ ಒಣ ಹವೆಗೆ ಚರ್ಮ ಒಣಗಿದ್ದರೆ ಪರಿಮಳ ಬೇಗ ಹಾರಿಹೋಗುತ್ತೆ. ಸೀರೆ ಉಡೋ ಮೊದಲೇ, ಒಂದು ಗೇಣು ದೂರದಿಂದ, ಎರಡೂ ಮೊಣಕೈ ಒಳಬದಿಗೆ ಒಂದೊಂದು, ಎದೆಗೆ ಒಂದು. ಕತ್ತಿಗೆ ಬೇಡ, ಅಲ್ಲಿ ಮಲ್ಲಿಗೆ ಇರುತ್ತೆ. ಉಜ್ಜಬೇಡ, ತಾನೇ ಆರಲಿ. ರೇಷ್ಮೆ ಮೇಲೆ, ಜರಿ ಮೇಲೆ ಮಾತ್ರ ಒಂದು ಹನಿಯೂ ಬೀಳಬಾರದು, ಉಂಗುರದ ಹಾಗೆ ಕಲೆ ಕೂತರೆ ಹೋಗೋದು ಕಷ್ಟ. ಮಧ್ಯಾಹ್ನ ಮತ್ತೆ ಬೇಕನಿಸಿದರೆ ಹತ್ತಿಯ ಕರ್ಚೀಫಿಗೆ ಒಂದು ಸ್ಪ್ರೇ ಹಾಕಿ ಪರ್ಸಿನಲ್ಲಿಡು.

ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡ, ಬೀರುವಿನಲ್ಲೇ ಇರಲಿ.

ನಿನ್ನ,
ವೀಣಾ