ಸಾವಿನ ಮನೆಗೆ ಹೋಗುವ ಮೊದಲು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ನಿನ್ನ ಗೆಳತಿಯ ಅಮ್ಮ ತೀರಿಕೊಂಡು ನಾಲ್ಕು ದಿನ ಆಯಿತು, ನೀನಿನ್ನೂ ಅವಳ ಮನೆಗೆ ಹೋಗಿಲ್ಲ. "ಹೋಗಿ ಏನಂತ ಮಾತಾಡಲಿ ಅಮ್ಮಾ? ಏನು ಹೇಳಿದರೂ ತಪ್ಪಾಗುತ್ತೆ ಅನ್ನಿಸುತ್ತೆ" ಅಂದೆ. ನನಗೂ ತಕ್ಷಣ ಏನೂ ತೋಚಲಿಲ್ಲ. ಹೂಂ ಅಂದು ಸುಮ್ಮನಾದೆ. ಬೆಳಿಗ್ಗೆ ಎದ್ದವಳೇ ಬರೆಯಲು ಕೂತೆ.

ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ತಾತ ಹೋದಾಗ ನಿನಗೆ ಐದು ವರ್ಷ. ಆ ಎರಡು ದಿನ ನಿನ್ನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದೆವು. ವಾಪಸ್ ಬಂದವಳು ನೇರ ತಾತನ ಕೋಣೆಗೆ ಓಡಿದೆ. ಖಾಲಿ ಮಂಚ ನೋಡಿ "ತಾತ ಎಲ್ಲಿ?" ಅಂತ ಕೇಳಿದೆ. "ತಾತ ಮಲಗಿಬಿಟ್ಟರು ಪುಟ್ಟಿ, ಇನ್ನು ಏಳಲ್ಲ" ಅಂದೆ ನಾನು. ಮಗುವಿಗೆ ನೋವಾಗದ ಹಾಗೆ ಹೇಳಿದೆ ಅಂದುಕೊಂಡಿದ್ದೆ. ಆವತ್ತು ರಾತ್ರಿಯಿಂದಲೇ ನೀನು ಮಲಗಲು ಒಪ್ಪಲಿಲ್ಲ. ನಾನು ಕಣ್ಣು ಮುಚ್ಚಿದರೆ ಸಾಕು, ಎರಡು ಬೆರಳಿನಿಂದ ನನ್ನ ರೆಪ್ಪೆ ಎತ್ತಿ ನೋಡುತ್ತಿದ್ದೆ. ಒಂದು ರೆಪ್ಪೆ, ಆಮೇಲೆ ಇನ್ನೊಂದು. ಹೆಚ್ಚುಕಡಿಮೆ ಒಂದು ತಿಂಗಳು ಹೀಗೇ ನಡೆಯಿತು. ನಿನ್ನ ಉಗುರು ತಾಗಿ ನನ್ನ ಎಡಗಣ್ಣಿನ ಮೇಲೆ ಸಣ್ಣ ಗೀರು ಬಿದ್ದಿತ್ತು. ಹಟ ಮಾಡ್ತಿದ್ದೀಯ ಅಂತ ಒಂದು ಸಲ ಗದರಿಸಿಯೂ ಬಿಟ್ಟೆ. ಆಗ ನೀನು ಅಳುತ್ತಾ "ನೀನು ಮಲಗಬೇಡಮ್ಮ, ತಾತನ ಥರ ಆಗ್ತೀಯ" ಅಂದೆ.

ಆವತ್ತೇ ಕೂರಿಸಿಕೊಂಡು ಹೇಳಬೇಕಿತ್ತು. ತಾತ ಸತ್ತಿದ್ದಾರೆ, ಸಾಯೋದು ಅಂದರೆ ದೇಹ ಕೆಲಸ ನಿಲ್ಲಿಸೋದು, ನಿದ್ದೆಯೇ ಬೇರೆ ಇದೇ ಬೇರೆ ಅಂತ. ಹೇಳಲಿಲ್ಲ. ತಬ್ಬಿಕೊಂಡು ಸಮಾಧಾನ ಮಾಡಿದೆ ಅಷ್ಟೇ. ಸಾವಿನ ಮುಂದೆ ಬಾಯಿ ಕಟ್ಟುವುದನ್ನು ನೀನು ನನ್ನಿಂದಲೇ ಕಲಿತೆ ಅಂತ ನಿನ್ನೆ ರಾತ್ರಿಯೆಲ್ಲ ಅನ್ನಿಸುತ್ತಿತ್ತು.

ನಮ್ಮ ಭಾಷೆಯಲ್ಲಿ ಸಾವಿಗೆ ಮೆತ್ತನೆಯ ಮಾತುಗಳು ಎಷ್ಟಿವೆ ನೋಡು. ಹೋಗಿಬಿಟ್ಟರು, ಇಲ್ಲವಾದರು, ತೀರಿಕೊಂಡರು. ಕಾಲವಾದರು ಅನ್ನೋದಂತೂ ನನಗೆ ತುಂಬಾ ಇಷ್ಟ. ನಿನ್ನೆ ತನಕ ಎದುರಿಗೆ ಕೂತು ಮಾತಾಡುತ್ತಿದ್ದ ಮನುಷ್ಯ ಕಾಲವೇ ಆಗಿಬಿಡುವುದು! ಈ ಮಾತುಗಳ ಮೇಲೆ ನನಗೆ ಸಿಟ್ಟಿಲ್ಲ. ಇವುಗಳ ಹಿಂದೆ ಏನಿದೆ ಅಂತ ದೊಡ್ಡವರಿಗೆ ಗೊತ್ತಿರುತ್ತದೆ. ಮಗುವಿಗೆ ಗೊತ್ತಿರಲ್ಲ. ಮಲಗಿದ್ದಾರೆ ಅಂದರೆ ಮಲಗಿದ್ದಾರೆ ಅಂತಲೇ ಅದು ತಗೊಳ್ಳುತ್ತದೆ.

ನಿನಗೆ ಮಾತ್ರ ಅಲ್ಲ, ತಾತನಿಗೂ ನಾನು ಸುಳ್ಳು ಹೇಳಿದ್ದೆ. ಇದನ್ನು ಇಲ್ಲಿತನಕ ನಿನ್ನ ಹತ್ತಿರ ಹೇಳಿಲ್ಲ. ಡಾಕ್ಟರು ನನ್ನನ್ನು, ನಿನ್ನ ಮಾವನನ್ನು ವರಾಂಡಕ್ಕೆ ಕರೆದು ಇನ್ನು ಕೆಲವೇ ವಾರ ಅಂದರು. ಅಪ್ಪನಿಗೆ ಹೇಳೋದು ಬೇಡ, ಧೈರ್ಯ ಕಳಕೊಳ್ಳುತ್ತಾರೆ ಅಂತ ನಾವು ಮಕ್ಕಳು ಸೇರಿ ತೀರ್ಮಾನ ಮಾಡಿದೆವು. ಒಳಗೆ ಹೋಗಿ "ಏನಿಲ್ಲಪ್ಪ, ಸ್ವಲ್ಪ ಇನ್‌ಫೆಕ್ಷನ್ ಅಂತೆ" ಅಂದೆ. ಅವರು ನನ್ನ ಮುಖವನ್ನೇ ನೋಡಿದರು. "ಹಾಗಾದ್ರೆ ಸರಿ ಬಿಡು" ಅಂದರು. ಮಾರನೇ ದಿನ "ಬೀರುವಿನ ಕೀಲಿ ಎಲ್ಲಿದೆ ಗೊತ್ತೇನಮ್ಮ?" ಅಂತ ಕೇಳಿದರು. "ಅದೆಲ್ಲ ಈಗ್ಯಾಕಪ್ಪ, ಮನೆಗೆ ಬಂದು ನೀವೇ ನೋಡ್ತೀರಂತೆ" ಅಂದೆ. ಆಮೇಲೂ ಎರಡು ಸಲ ಕೇಳಿದರು. ಎರಡು ಸಲವೂ ಮಾತು ತಿರುಗಿಸಿದೆ. ಅವರು ಕೇಳಿದ್ದು ಕೀಲಿಯ ವಿಷಯ ಅಲ್ಲ ಪುಟ್ಟಿ. ನನ್ನ ಹತ್ತಿರ ಏನೋ ಹೇಳಬೇಕಿತ್ತು, ಮಾತು ಎಲ್ಲಿಂದ ಶುರು ಮಾಡೋದು ಅಂತ ದಾರಿ ಹುಡುಕುತ್ತಿದ್ದರು. ನಾಲ್ಕನೇ ಸಲ ಕೇಳಲಿಲ್ಲ.

ಅವರು ತೀರಿಕೊಂಡ ವರ್ಷ, ರಷ್ಯಾದ ಲೇಖಕ ಟಾಲ್‌ಸ್ಟಾಯ್ ಬರೆದ ಇವಾನ್ ಇಲಿಚ್‌ನ ಸಾವಿನ ಕಥೆ ಓದಿದೆ. 1886ರಲ್ಲಿ ಬಂದದ್ದು. ಓದುವಾಗ ನಮ್ಮ ಮನೆಯನ್ನೇ ನೋಡಿ ಬರೆದ ಹಾಗಿತ್ತು. ಇವಾನ್ ಇಲಿಚ್ ಒಬ್ಬ ನ್ಯಾಯಾಧೀಶ. ಕಾಯಿಲೆ ಬಿದ್ದು ಸಾಯುತ್ತಿದ್ದಾನೆ. ನೋವು ಬೇಕಾದಷ್ಟಿದೆ. ಆದರೆ ಅವನನ್ನು ಎಲ್ಲಕ್ಕಿಂತ ಜಾಸ್ತಿ ಹಿಂಸಿಸುವುದು ಸುತ್ತಲಿನವರ ಸುಳ್ಳು. ನಿನಗೆ ಬರೀ ಕಾಯಿಲೆ, ಔಷಧಿ ತಗೊಂಡರೆ ಸರಿಹೋಗುತ್ತೆ ಅಂತ ಎಲ್ಲರೂ ನಾಟಕ ಆಡುತ್ತಾರೆ, ಅವನೂ ಆ ನಾಟಕದಲ್ಲಿ ಪಾತ್ರ ಮಾಡಬೇಕು. ಒಬ್ಬನೇ ಒಬ್ಬ ಆಡುವುದಿಲ್ಲ. ಗೆರಾಸಿಮ್ ಅನ್ನೋ ಹಳ್ಳಿಯ ಹುಡುಗ, ಮನೆಯ ಆಳು. ಕಾಲು ಎತ್ತಿ ಹಿಡಿದರೆ ಯಜಮಾನನಿಗೆ ನೋವು ಕಮ್ಮಿ ಆಗುತ್ತೆ ಅಂತ ರಾತ್ರಿಯೆಲ್ಲ ತನ್ನ ಹೆಗಲ ಮೇಲೆ ಅವನ ಕಾಲು ಇಟ್ಟುಕೊಂಡು ಕೂರುತ್ತಾನೆ. ನಾವೆಲ್ಲ ಒಂದು ದಿನ ಸಾಯೋರೇ, ಇಷ್ಟು ಕಷ್ಟ ಪಟ್ಟರೆ ಏನಂತೆ ಅನ್ನುತ್ತಾನೆ. ಆ ಪುಟ ಬಂದಾಗ ನಾನು ಪುಸ್ತಕ ಮಡಚಿಟ್ಟು ತುಂಬಾ ಹೊತ್ತು ಅತ್ತೆ. ನಮ್ಮಪ್ಪನ ಕಾಲೂ ಊದಿಕೊಂಡಿತ್ತು. ನಾನು ದಿಂಬು ಇಟ್ಟು ಹೊರಗೆ ಬರುತ್ತಿದ್ದೆ.

ಆ ಕಥೆಯ ಶುರುವಿನಲ್ಲೇ ಇನ್ನೊಂದು ಮಾತಿದೆ. ಸಾವಿನ ಸುದ್ದಿ ಕೇಳಿದ ತಕ್ಷಣ ಅವನ ಜೊತೆ ಕೆಲಸ ಮಾಡುತ್ತಿದ್ದವರಿಗೆ ಮೊದಲು ಬರುವ ಯೋಚನೆ, ಖಾಲಿಯಾದ ಜಾಗ ಯಾರಿಗೆ ಸಿಗುತ್ತೆ ಅಂತ. ಆಮೇಲೆ ಒಳಗೊಳಗೇ ಒಂದು ನೆಮ್ಮದಿ, ಸತ್ತಿದ್ದು ಅವನು, ನಾನಲ್ಲ ಅಂತ. ಮಹಾಭಾರತದಲ್ಲಿ ಯಕ್ಷ, ಪ್ರಪಂಚದಲ್ಲಿ ಎಲ್ಲಕ್ಕಿಂತ ದೊಡ್ಡ ಆಶ್ಚರ್ಯ ಯಾವುದು ಅಂತ ಕೇಳಿದಾಗ ಧರ್ಮರಾಯ ಕೊಡುವ ಉತ್ತರವೂ ಇದೇ ಅಲ್ವಾ? ದಿನಾ ಜನ ಸಾಯುವುದನ್ನು ನೋಡುತ್ತಲೇ ಉಳಿದವರು ತಾವು ಶಾಶ್ವತ ಅಂದುಕೊಂಡಿರುತ್ತಾರೆ. ನೀನು ಗೆಳತಿಯ ಮನೆಗೆ ಹೋಗದೆ ಇದ್ದದ್ದು ಮಾತು ಸಿಗದೆ ಅಂದೆ. ಅದು ನಿಜವೇ. ಜೊತೆಗೆ ಇನ್ನೊಂದು ಭಯವೂ ಇರುತ್ತದೆ. ಅವಳ ಅಮ್ಮನಿಗೆ ನನ್ನಷ್ಟೇ ವಯಸ್ಸು. ನನಗೂ ಗೊತ್ತು ಪುಟ್ಟಿ.

ಸಿನಿಮಾದ ಸಾವು ನೋಡಿ ನೋಡಿ ನಮಗೆ ನಿಜವಾದದ್ದು ಹೇಗಿರುತ್ತೆ ಅನ್ನೋದೇ ತಿಳಿಯದೆ ಹೋಗಿದೆ. ಅಲ್ಲಿ ಒಂದು ಕೊನೆಯ ಮಾತು ಹೇಳಿ, ಕತ್ತು ಪಕ್ಕಕ್ಕೆ ವಾಲಿಬಿಡುತ್ತದೆ. ತಾತನ ಹತ್ತಿರ ಕೊನೆಯ ಮಾತು ಇರಲಿಲ್ಲ. ಎರಡು ದಿನ ಮೊದಲೇ ಮಾತು ನಿಂತಿತ್ತು. ಉಸಿರು ನಿಂತು ನಿಂತು ಬರುತ್ತಿತ್ತು. ನಿಂತಾಗ ನಾನೂ ಉಸಿರು ಹಿಡಿಯುತ್ತಿದ್ದೆ, ಮತ್ತೆ ಬಂದಾಗ ಬಿಡುತ್ತಿದ್ದೆ. ಗಂಟಲಲ್ಲಿ ಗೊರಗೊರ ಸದ್ದು. ನಾನು ಗಾಬರಿಯಾಗಿ ಕರೆದಾಗ ನರ್ಸ್ ಬಂದು, ಇದು ಹೀಗೇ ಇರುತ್ತೆ, ನಿಮಗೆ ಕೇಳಿಸುವಷ್ಟು ಕಷ್ಟ ಅವರಿಗೆ ಆಗ್ತಿರಲ್ಲ ಅಂತ ಹೇಳಿ, ಹತ್ತಿ ಒದ್ದೆ ಮಾಡಿ ತುಟಿ ಒರೆಸುವುದನ್ನು ತೋರಿಸಿಕೊಟ್ಟರು. ಆ ಒಂದು ಕೆಲಸ ನನ್ನ ಕೈಗೆ ಸಿಕ್ಕಿತಲ್ಲ, ಅದಕ್ಕೆ ಆ ಹೆಣ್ಣುಮಗಳನ್ನು ಇವತ್ತಿಗೂ ನೆನೆಯುತ್ತೇನೆ.

ಹಳೆಯ ಕವಿಗಳಿಗೆ ಈ ಹಿಂಜರಿಕೆ ಇರಲಿಲ್ಲ. ಗಿಲ್ಗಮೇಶ್ ಅನ್ನೋ ರಾಜನ ಕಾವ್ಯ ಮೂರು ಸಾವಿರ ವರ್ಷಕ್ಕಿಂತ ಹಳೆಯದು, ಮಣ್ಣಿನ ಹಲಗೆಗಳ ಮೇಲೆ ಬರೆದದ್ದು. ಜೀವದ ಗೆಳೆಯ ಎಂಕಿಡು ಸತ್ತಾಗ ಅವನು ಆರು ಹಗಲು ಏಳು ರಾತ್ರಿ ಹೆಣವನ್ನು ಮಣ್ಣು ಮಾಡಲು ಕೊಡುವುದಿಲ್ಲ. ಕೊಡುವುದು ಯಾವಾಗ ಗೊತ್ತಾ? ಗೆಳೆಯನ ಮೂಗಿನಿಂದ ಹುಳ ಉದುರಿದ ಮೇಲೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಹಿಡಿದುಕೊಳ್ಳುವುದು, ಬಿಟ್ಟುಕೊಡುವುದು ಅಂದರೇನು ಅಂತ ಇದಕ್ಕಿಂತ ನೇರವಾಗಿ ಹೇಳಿದ್ದನ್ನು ನಾನು ಓದಿಲ್ಲ.

ನಮ್ಮ ರಾಘವಾಂಕ ಸುಮಾರು ಎಂಟು ನೂರು ವರ್ಷದ ಹಿಂದೆ ಚಂದ್ರಮತಿಯನ್ನು ಮಗನ ಹೆಣದ ಜೊತೆ ಸುಡುಗಾಡಿಗೆ ಕರೆತಂದ. ಹಾವು ಕಚ್ಚಿ ಸತ್ತ ಲೋಹಿತಾಶ್ವ. ಸುಡಲು ಹೋದರೆ ಕಾವಲುಗಾರ ತೆರಿಗೆ ಕೊಡು ಅನ್ನುತ್ತಾನೆ. ಆ ಕಾವಲುಗಾರ ಹರಿಶ್ಚಂದ್ರ, ಆ ಮಗುವಿನ ಅಪ್ಪ. ತನ್ನ ಮಗನೇ ಅಂತ ಅವನಿಗಿನ್ನೂ ಗೊತ್ತಿಲ್ಲ. ತಾತ ಹೋದ ರಾತ್ರಿ ಬಿಲ್ ಪೂರ್ತಿ ಕಟ್ಟಿದ ಮೇಲೇ ದೇಹ ಕೊಡೋದು ಅಂತ ಆಸ್ಪತ್ರೆಯ ಕೌಂಟರಿನಲ್ಲಿದ್ದ ಹುಡುಗ ಹೇಳಿದಾಗ ನಾನು ಕೂಗಾಡಿಬಿಟ್ಟೆ. ಅವನು ತಲೆ ತಗ್ಗಿಸಿ ಕೂತಿದ್ದ. ಈಗ ಹರಿಶ್ಚಂದ್ರನ ಕಥೆ ನೆನಪಾದಾಗಲೆಲ್ಲ ಆ ಹುಡುಗ ಕಣ್ಣ ಮುಂದೆ ಬರುತ್ತಾನೆ. ಅವನ ಮನೆಯಲ್ಲಿ ಯಾರು ಹೋಗಿದ್ದರೋ, ಯಾರು ಹಾಸಿಗೆ ಹಿಡಿದಿದ್ದರೋ. ಆ ಪದ್ಧತಿ ತಪ್ಪು ಅಂತ ಈಗಲೂ ಹೇಳುತ್ತೇನೆ. ಆ ಹುಡುಗನ ಮೇಲೆ ಕೂಗಬಾರದಿತ್ತು.

"ನೀ ಹೀಂಗ ನೋಡಬ್ಯಾಡ ನನ್ನ" ಹಾಡು ನಿನಗೆ ಬಾಯಿಪಾಠ. ಅದನ್ನು ಪ್ರೇಮಗೀತೆ ಅಂತ ಹಾಡುವವರೇ ಜಾಸ್ತಿ. ಬೇಂದ್ರೆ ಅದನ್ನು ಬರೆದದ್ದು ಮಗುವಿನ ಸಾವಿನ ಹೊತ್ತಿನಲ್ಲಿ. ಹೆಂಡತಿಯ ಕಣ್ಣಲ್ಲಿ ನೀರು ನಿಂತಿದೆ, ಆ ನೋಟಕ್ಕೆ ಗಂಡನಿಗೆ ನೋಟ ಕೊಡಲು ಆಗುತ್ತಿಲ್ಲ. ಒಂದೇ ದುಃಖದಲ್ಲಿರುವ ಇಬ್ಬರೂ ಒಬ್ಬರನ್ನೊಬ್ಬರು ನೋಡಲಾರರು. ಇದು ಗೊತ್ತಾದ ಮೇಲೆ ಇನ್ನೊಂದು ಸಲ ಹಾಡಿಕೊಂಡು ನೋಡು. ನಿನ್ನ ಗೆಳತಿಯ ಮನೆಯಲ್ಲೂ ಈಗ ಅಪ್ಪ, ಮಗಳು ಹಾಗೇ ಮುಖ ತಪ್ಪಿಸಿಕೊಂಡು ಓಡಾಡುತ್ತಿರಬಹುದು. ಹೊರಗಿನವರೊಬ್ಬರು ಬಂದರೆ ಇಬ್ಬರಿಗೂ ಸ್ವಲ್ಪ ಉಸಿರಾಡಲು ಆಗುತ್ತದೆ. ಅದಕ್ಕೇ ಹೋಗು ಅನ್ನುವುದು.

ಏನು ಹೇಳಲಿ ಅಂತ ಕೇಳಿದೆಯಲ್ಲ. ಏನು ಹೇಳಬಾರದು ಅನ್ನೋದು ನನಗೆ ಚೆನ್ನಾಗಿ ಗೊತ್ತು. ನನ್ನ ಕಿವಿಗೇ ಬಿದ್ದಿವೆ. "ಒಳ್ಳೆಯವರನ್ನ ದೇವರು ಬೇಗ ಕರ್ಕೋತಾನೆ." "ವಯಸ್ಸಾಗಿತ್ತಲ್ಲ ಬಿಡಿ." "ಅಳಬೇಡ, ನೀನೇ ಹೀಗಾದ್ರೆ ಅಮ್ಮನ್ನ ಯಾರು ನೋಡ್ಕೋತಾರೆ?" ಹೇಳಿದವರೆಲ್ಲ ಒಳ್ಳೆಯವರೇ, ನನ್ನ ಅಳು ನೋಡಲಾರದೆ ಹೇಳಿದ್ದು. ಆದರೆ ಒಂದೊಂದು ಮಾತೂ ಬಾಯಿ ಮೇಲೆ ಕೈ ಇಟ್ಟ ಹಾಗಿತ್ತು. ನನಗೆ ಹಿತ ಅನ್ನಿಸಿದ್ದು ಅಪ್ಪನ ಹಳೆಯ ಸ್ನೇಹಿತರೊಬ್ಬರ ಮಾತು. ಬಂದು ಕೂತರು. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿಮ್ಮಪ್ಪ ಸೈಕಲ್ ಕಲಿಯುವಾಗ ನನ್ನ ಹಲ್ಲು ಮುರಿದಿದ್ದ, ಗೊತ್ತಾ?" ಅಂದರು. ಆವತ್ತು ಮೊದಲ ಸಲ ನಕ್ಕೆ, ನಗುತ್ತಲೇ ಅತ್ತೆ. ನೀನೂ ಅವಳ ಅಮ್ಮನ ಹೆಸರು ಹೇಳಲು ಹೆದರಬೇಡ. ನೆನಪು ಮಾಡಿದರೆ ಅವಳಿಗೆ ದುಃಖ ಆಗುತ್ತೆ ಅಂತ ಸುಮ್ಮನಿರಬೇಡ. ಅವಳು ಮರೆತಿದ್ದರೆ ತಾನೇ ನೀನು ನೆನಪು ಮಾಡೋದು?

ಅವಳ ಫೋನ್ ಬಿಡದೆ ಹೊಡೆದುಕೊಳ್ಳುತ್ತಿರುತ್ತದೆ. ಹೇಗಾಯ್ತು, ಯಾವಾಗಾಯ್ತು ಅಂತ ಎಲ್ಲರಿಗೂ ಮೊದಲಿಂದ ಹೇಳಿ ಹೇಳಿ ಸೋತಿರುತ್ತಾಳೆ. ಒಂದೆರಡು ಗಂಟೆ ಆ ಫೋನ್ ನೀನು ತಗೊಂಡು ಉತ್ತರ ಕೊಡು. ಮತ್ತೆ ಎರಡು ತಿಂಗಳು ಬಿಟ್ಟು ಇನ್ನೊಂದು ಸಲ ಹೋಗು. ಆಗ ಯಾರೂ ಬರುತ್ತಿರುವುದಿಲ್ಲ.

ಕಿಸಾಗೋತಮಿಯ ಕಥೆ ನಿನಗೆ ಹೇಳಿದ್ದೆ. ಸತ್ತ ಮಗುವನ್ನು ಎತ್ತಿಕೊಂಡು ಔಷಧಿ ಕೊಡಿ ಅಂತ ಬಂದವಳಿಗೆ, ಸಾವಿಲ್ಲದ ಮನೆಯಿಂದ ಸಾಸಿವೆ ತಾ ಅಂದ ಬುದ್ಧ. ಅಂಥ ಮನೆ ಸಿಗಲಿಲ್ಲ, ಅವಳಿಗೆ ಅರಿವಾಯಿತು ಅಂತ ಪಾಠ ಹೇಳುತ್ತಾರೆ. ನನಗೆ ಅನ್ನಿಸುವುದು ಬೇರೆ. ಅವಳು ಬಾಗಿಲು ಬಾಗಿಲಿಗೆ ಹೋಗಿ ಕೇಳಿದಾಗ ಪ್ರತಿ ಮನೆಯವರೂ ತಮ್ಮ ಮನೆಯಲ್ಲಿ ಹೋದವರ ಬಗ್ಗೆ ಹೇಳಿರುತ್ತಾರೆ. ನನ್ನ ಗಂಡ ಹೋದ, ನನ್ನ ಮಗಳು ಹೋದಳು ಅಂತ. ಹುಚ್ಚಿ ಅಂತ ಓಡಿಸದೆ ಕೂರಿಸಿ ಮಾತಾಡಿಸಿರುತ್ತಾರೆ. ಅವಳಿಗೆ ಔಷಧಿಯಾದದ್ದು ಆ ಮಾತುಗಳೇ ಇರಬೇಕು.

ಇನ್ನೊಂದು ವಿಷಯ. ದುಃಖಕ್ಕೆ ಐದು ಹಂತ ಅಂತ ನೀನೇ ಓದಿ ಹೇಳಿದ್ದೆ. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಕೊಳ್ಳುವುದು. ಅದನ್ನು ಎಲಿಜಬೆತ್ ಕೂಬ್ಲರ್ ರಾಸ್ ಅನ್ನೋ ಮನೋವೈದ್ಯೆ 1969ರಲ್ಲಿ ಬರೆದದ್ದು ಸಾಯುತ್ತಿದ್ದ ರೋಗಿಗಳ ಜೊತೆ ಕೂತು ಮಾತಾಡಿ. ಉಳಿದವರ ಅಳುವಿಗೆ ಟೈಮ್‌ಟೇಬಲ್ ಹಾಕಲು ಅಲ್ಲ. ನಿನ್ನ ಗೆಳತಿ ಇವತ್ತು ನಗಬಹುದು, ಆರು ತಿಂಗಳ ಮೇಲೆ ಅಮ್ಮನ ಬಾಚಣಿಗೆ ಕೈಗೆ ಸಿಕ್ಕಿ ಕುಸಿಯಬಹುದು. ಯಾವ ಹಂತ ಅಂತ ಲೆಕ್ಕ ಹಾಕಬೇಡ.

ಅದಕ್ಕಿಂತ ಎರಡು ವರ್ಷ ಮೊದಲು, 1967ರಲ್ಲಿ, ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಹಾಸ್ಪಿಸ್ ಅಂದರೆ ಸಾಯುತ್ತಿರುವವರನ್ನು ಆರೈಕೆ ಮಾಡುವ ಜಾಗ. ನರ್ಸ್ ಆಗಿದ್ದವರು, ಆಮೇಲೆ ಓದಿ ಡಾಕ್ಟರ್ ಆದವರು. ನೋವು ಬಂದ ಮೇಲೆ ಕೊಡುವುದಲ್ಲ, ಬರುವ ಮೊದಲೇ ಹೊತ್ತು ಹೊತ್ತಿಗೆ ಔಷಧಿ ಕೊಡಬೇಕು ಅಂದರು. ಸಾಯುವವರ ನೋವು ಮೈಯದು ಮಾತ್ರ ಅಲ್ಲ, ಮನಸ್ಸಿನದು, ಮನೆಯವರ ಚಿಂತೆಯದು, ಯಾಕೆ ಬದುಕಿದೆ ಅನ್ನೋ ಪ್ರಶ್ನೆಯದೂ ಹೌದು ಅಂದರು. ಅಪ್ಪನಿಗೆ ಅಂಥ ಆರೈಕೆ ಸಿಗುತ್ತಿತ್ತೋ ಏನೋ. ನಾವು ಕೇಳಲೇ ಇಲ್ಲ. ಕೇಳಬೇಕಾದರೆ ಅವರು ಸಾಯುತ್ತಿದ್ದಾರೆ ಅಂತ ಮೊದಲು ಬಾಯಿಬಿಟ್ಟು ಹೇಳಬೇಕಿತ್ತು.

ನನ್ನ ಸರದಿ ಬಂದಾಗ ನೀನು ಹೇಳು ಪುಟ್ಟಿ. ವರಾಂಡದಲ್ಲಿ ಡಾಕ್ಟರು ನಿನಗೆ ಏನು ಹೇಳುತ್ತಾರೋ ಅದನ್ನು ಒಳಗೆ ಬಂದು ನನಗೂ ಹೇಳು. ನಿನಗೆ ಅಳು ಬಂದರೆ ನನ್ನ ಎದುರಿಗೇ ಅಳು. ಬೀರುವಿನ ಕೀಲಿ ಎಲ್ಲಿದೆ ಅಂತ ನಾನು ಕೇಳಿದರೆ, ಕುರ್ಚಿ ಹತ್ತಿರ ಎಳೆದುಕೊಂಡು ಕೂತು, ಹೇಳಮ್ಮ ಅನ್ನು.

ಈಗ ಎದ್ದು ಅವಳ ಮನೆಗೆ ಹೋಗು. ಬಂದ ಮೇಲೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ
ಅಮ್ಮ