ಆರನೇ ನಂಬರಿನ ಅಂಗಿ: ಅಳಿಯನಿಗೊಂದು ಪತ್ರ

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವನ ಶುಭಾಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ನಿನ್ನ ಮೊಣಕಾಲಿನ ನೋವು ಇಳಿದಿದೆಯೆಂದು ನಿನ್ನ ಅಮ್ಮ ತಿಳಿಸಿದಳು, ಸಮಾಧಾನವಾಯಿತು. ಕಳೆದ ಭಾನುವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ನಾನು ಮಾತು ಮರೆಸಿದ್ದು ನಿನಗೆ ಬೇಸರ ತಂದಿರಬಹುದು. ನಿನ್ನ ಕ್ಲಬ್ಬು ಈ ಸಲ ಕೆಳಗಿನ ಡಿವಿಷನ್ನಿಗೆ ಇಳಿದಿದೆ, ಮೇಲಿನ ಡಿವಿಷನ್ನಿನ ಇನ್ನೊಂದು ಕ್ಲಬ್ಬು ಹೆಚ್ಚಿನ ಹಣ ಕೊಟ್ಟು ಕರೆಯುತ್ತಿದೆ, ಹದಿಮೂರನೇ ವಯಸ್ಸಿನಿಂದ ಆಡಿದ ತಂಡವನ್ನು ಇಂಥ ಹೊತ್ತಿನಲ್ಲಿ ಬಿಟ್ಟುಹೋದರೆ ನಿಯತ್ತುಗೆಟ್ಟವನಾಗುತ್ತೇನೆಯೇ ಎಂದು ನೀನು ಕೇಳಿದೆ. ಹೌದು ಅಥವಾ ಇಲ್ಲ ಎಂಬ ಉತ್ತರ ಈ ಪತ್ರದಲ್ಲೂ ನಿನಗೆ ಸಿಗುವುದಿಲ್ಲ. ಆದರೆ ನಿನ್ನಂತೆಯೇ ಹಿಂದಿನ ಸಾಲಿನಲ್ಲಿ ಆಡುತ್ತಿದ್ದ, ಇದೇ ಪ್ರಶ್ನೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ಎದುರಾಗಿದ್ದ ಒಬ್ಬ ಆಟಗಾರನ ಬದುಕನ್ನು ನಿನ್ನ ಮುಂದಿಡಬೇಕೆನ್ನಿಸಿದೆ. ಅವನು ಇಟಲಿಯ ಎ.ಸಿ. ಮಿಲಾನ್ ಫುಟ್‌ಬಾಲ್ ತಂಡದ ಫ್ರಾಂಕೊ ಬರೇಸಿ. ನನಗಿಂತ ಎರಡು ವರ್ಷಕ್ಕೆ ಚಿಕ್ಕವನಾದ್ದರಿಂದ ಏಕವಚನದಲ್ಲಿಯೇ ಕರೆಯುತ್ತೇನೆ, ಅಗೌರವವೆಂದು ತಿಳಿಯಬೇಡ.

ಬರೇಸಿ ಹುಟ್ಟಿದ್ದು 1960ರ ಮೇ 8ರಂದು, ಉತ್ತರ ಇಟಲಿಯ ಬ್ರೆಶ್ಯಾ ಪಟ್ಟಣದ ಸಮೀಪದ ಟ್ರವಲ್ಯಾಟೊ ಎಂಬ ಊರಿನಲ್ಲಿ, ಬೇಸಾಯಗಾರರ ಮನೆಯಲ್ಲಿ. ಎರಡು ವರ್ಷ ದೊಡ್ಡವನಾದ ಅಣ್ಣ ಜ್ಯುಸೆಪ್ಪೆಯನ್ನು ಮಿಲಾನ್ ನಗರದ ಇಂಟರ್ ಕ್ಲಬ್ಬು ಸೇರಿಸಿಕೊಂಡಿತ್ತು. ತಮ್ಮನೂ ಅಲ್ಲಿಗೇ ಆಯ್ಕೆಗೆ ಹೋದಾಗ, ಹುಡುಗ ತೀರ ಸಣ್ಣವನು, ಮೈಯಲ್ಲಿ ಕಸುವಿಲ್ಲ ಎಂದು ಹಿಂದಕ್ಕೆ ಕಳುಹಿಸಿದರು. ಅದೇ ನಗರದ ಎದುರಾಳಿ ಕ್ಲಬ್ಬಾದ ಎ.ಸಿ. ಮಿಲಾನ್ 1974ರಲ್ಲಿ, ಅವನ ಹದಿನಾಲ್ಕನೇ ವಯಸ್ಸಿನಲ್ಲಿ, ಅವನನ್ನು ಸೇರಿಸಿಕೊಂಡಿತು. ಅಲ್ಲಿನವರು ಅವನಿಗೆ ಇಟ್ಟ ಹೆಸರು 'ಪಿಶಿನಿನ್'. ಮಿಲಾನಿನ ಆಡುಮಾತಿನಲ್ಲಿ ಅದರ ಅರ್ಥ, ನಿನ್ನನ್ನು ನಾವು ಮನೆಯಲ್ಲಿ ಕರೆಯುವ ಹೆಸರೇ: ಪುಟ್ಟ.

ಹದಿನೆಂಟು ತುಂಬುವ ಮೊದಲೇ ಅವನು ತಾಯಿಯನ್ನೂ ತಂದೆಯನ್ನೂ ಕಳೆದುಕೊಂಡಿದ್ದ. ಅಂಥ ಹುಡುಗನಿಗೆ ಊಟ, ವಸತಿ, ದಿನಚರಿ, ಗದರಿಸುವ ಹಿರಿಯರು, ಜೊತೆಗೆ ಮಲಗುವ ಗೆಳೆಯರು ಎಲ್ಲವೂ ಸಿಕ್ಕಿದ್ದು ಕ್ಲಬ್ಬಿನಿಂದ. ಕ್ಲಬ್ಬೇ ಅವನ ಮನೆಯಾಯಿತು ಎಂಬುದು ಅವನ ಮಟ್ಟಿಗೆ ಅಲಂಕಾರದ ಮಾತಲ್ಲ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಅವನ ನಿಯತ್ತನ್ನು ಹೊಗಳುವವರೆಲ್ಲ ಅದನ್ನೊಂದು ಮಹಾ ತ್ಯಾಗವೆಂಬಂತೆ ವರ್ಣಿಸುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಸೋರುವ ಮನೆಯನ್ನು ಮಳೆಗಾಲದಲ್ಲಿ ಬಿಟ್ಟುಹೋಗದೆ ಹೆಂಚು ಸರಿಪಡಿಸುವವನನ್ನು ನಾವು ತ್ಯಾಗಿ ಎನ್ನುವುದಿಲ್ಲ, ಮನೆಯವನು ಎನ್ನುತ್ತೇವೆ. ನಿನಗಾದರೋ ಅಪ್ಪ ಅಮ್ಮ ಇದ್ದಾರೆ, ಬೇರೊಂದು ಮನೆಯಿದೆ. ಆದ್ದರಿಂದ ಅವನ ನಿರ್ಧಾರವನ್ನು ಹಾಗೆಯೇ ಎತ್ತಿ ನಿನ್ನ ತಲೆಯ ಮೇಲಿಡುವುದು ನ್ಯಾಯವಲ್ಲವೆಂದು ನನಗೆ ಗೊತ್ತು.

1978ರ ಏಪ್ರಿಲ್ 23ರಂದು, ಹದಿನೆಂಟು ತುಂಬಲು ಎರಡು ವಾರವಿರುವಾಗ, ಸ್ವೀಡನ್ನಿನ ನಿಲ್ಸ್ ಲೀಡ್‌ಹೋಮ್ ತರಬೇತುದಾರರಾಗಿದ್ದ ಕಾಲದಲ್ಲಿ, ವೆರೋನ ತಂಡದ ವಿರುದ್ಧ ಅವನು ಮೊದಲ ಬಾರಿಗೆ ಇಟಲಿಯ ಮೊದಲ ದರ್ಜೆಯ ಲೀಗಾದ ಸೀರಿ 'ಎ' ಪಂದ್ಯಕ್ಕೆ ಇಳಿದ. ಮುಂದಿನ ಋತುವಿನಲ್ಲಿಯೇ ಖಾಯಂ ಆಟಗಾರನಾದ, ಮಿಲಾನ್ 1979ರಲ್ಲಿ ತನ್ನ ಹತ್ತನೇ ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಇಟಲಿಯಲ್ಲಿ ಹತ್ತು ಪ್ರಶಸ್ತಿ ಗೆದ್ದ ತಂಡ ಅಂಗಿಯ ಮೇಲೆ ಒಂದು ನಕ್ಷತ್ರ ಧರಿಸಬಹುದು. ಹತ್ತೊಂಬತ್ತರ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕೆ?

ಮರುವರ್ಷವೇ ಮನೆ ಕುಸಿಯಿತು. 1980ರಲ್ಲಿ ಪಂದ್ಯಗಳ ಫಲಿತಾಂಶವನ್ನು ಮೊದಲೇ ಮಾರಿಕೊಂಡ ಬೆಟ್ಟಿಂಗ್ ಹಗರಣ ಹೊರಬಿದ್ದು, ಕ್ಲಬ್ಬಿನ ಅಧ್ಯಕ್ಷರೂ ಗೋಲ್‌ಕೀಪರೂ ನಿಷೇಧಕ್ಕೆ ಒಳಗಾಗಿ, ಲೀಗಿನಲ್ಲಿ ಮೂರನೆಯ ಸ್ಥಾನದಲ್ಲಿದ್ದ ಮಿಲಾನನ್ನು ಶಿಕ್ಷೆಯಾಗಿ ಎರಡನೇ ದರ್ಜೆಯ ಸೀರಿ 'ಬಿ'ಗೆ ಇಳಿಸಲಾಯಿತು. ಬರೇಸಿಗೂ ಆ ಹಗರಣಕ್ಕೂ ಏನೂ ಸಂಬಂಧವಿರಲಿಲ್ಲ. ಆದರೂ ಕೆಳಗಿಳಿದು ಆಡಿದ. ಒಂದೇ ವರ್ಷದಲ್ಲಿ ತಂಡ ಮೇಲಕ್ಕೆ ಬಂತು. ಬಂದ ಋತುವಿನಲ್ಲಿ ರಕ್ತದ ಸೋಂಕಿನಿಂದ ಅವನು ತಿಂಗಳುಗಟ್ಟಲೆ ಹಾಸಿಗೆ ಹಿಡಿದ, ತಂಡ ಹದಿನಾರರಲ್ಲಿ ಹದಿನಾಲ್ಕನೆಯದಾಗಿ ಮತ್ತೆ ಹಿಂಬಡ್ತಿ ಪಡೆಯಿತು. ಮೊದಲ ಸಲ ಬೇರೆಯವರ ಪಾಪಕ್ಕೆ ಇಳಿದದ್ದು. ಈ ಸಲ ಮೈದಾನದಲ್ಲಿಯೇ ಸೋತು ಇಳಿದದ್ದು. ನಿನ್ನ ಕ್ಲಬ್ಬಿನ ಪರಿಸ್ಥಿತಿ ಈ ಎರಡನೆಯದಕ್ಕೆ ಹತ್ತಿರದ್ದೆಂದು ಕಾಣುತ್ತದೆ.

ಈಗ 1982ರ ಬೇಸಗೆಯನ್ನು ಕಲ್ಪಿಸಿಕೋ. ಸ್ಪೇನಿನಲ್ಲಿ ವಿಶ್ವಕಪ್ ನಡೆಯಿತು. ಇಪ್ಪತ್ತೆರಡರ ಬರೇಸಿ ಇಟಲಿಯ ತಂಡದಲ್ಲಿದ್ದ, ಆದರೆ ಅವನ ಜಾಗದಲ್ಲಿ ಗಯೆಟಾನೊ ಶಿರೇಯನಂಥ ಹಿರಿಯನಿದ್ದುದರಿಂದ ಒಂದು ನಿಮಿಷವೂ ಆಡಲಿಲ್ಲ. ಜುಲೈ 11ರಂದು ಮ್ಯಾಡ್ರಿಡ್ಡಿನಲ್ಲಿ ಪಶ್ಚಿಮ ಜರ್ಮನಿಯನ್ನು 3-1ರಿಂದ ಸೋಲಿಸಿ ಇಟಲಿ ಕಪ್ ಗೆದ್ದಾಗ, ಮೈದಾನಕ್ಕೆ ಇಳಿಯದೆಯೇ ಅವನು ವಿಶ್ವ ಚಾಂಪಿಯನ್ ಆದ. ಎರಡು ತಿಂಗಳು ಕಳೆಯುವಷ್ಟರಲ್ಲಿ ಆ ವಿಶ್ವ ಚಾಂಪಿಯನ್ ಸೀರಿ 'ಬಿ'ಯ ಸಣ್ಣ ಸಣ್ಣ ಊರುಗಳ ಮೈದಾನಗಳಲ್ಲಿ, ತೋಳಿಗೆ ನಾಯಕನ ಪಟ್ಟಿ ಕಟ್ಟಿಕೊಂಡು ಆಡುತ್ತಿದ್ದ. ಅಂದು ಕಟ್ಟಿದ ಪಟ್ಟಿಯನ್ನು ಅವನು ಬಿಚ್ಚಿದ್ದು ಹದಿನೈದು ವರ್ಷಗಳ ನಂತರ.

ಇಲ್ಲಿಯವರೆಗಿನ ಕಥೆಯನ್ನು ನೀನು ಯಾರ ಬಾಯಲ್ಲಾದರೂ ಕೇಳಬಹುದು. ನಾನು ನಿನಗೆ ತೋರಿಸಬೇಕೆಂದಿರುವುದು ಆಮೇಲಿನ ಐದು ವರ್ಷ. ಮೇಲಿನ ದರ್ಜೆಗೆ ಮರಳಿದ ಮೇಲೂ ಮಿಲಾನ್ ಏನನ್ನೂ ಗೆಲ್ಲಲಿಲ್ಲ. ಕ್ಲಬ್ಬು ಸಾಲದಲ್ಲಿ ಮುಳುಗಿತು. 1986ರ ವಿಶ್ವಕಪ್ಪಿಗೆ ತರಬೇತುದಾರ ಬೇರ್‌ಝೋಟ್ ಅಣ್ಣ ಜ್ಯುಸೆಪ್ಪೆಯನ್ನು ಕರೆದೊಯ್ದು ಇವನನ್ನು ಊರಲ್ಲೇ ಬಿಟ್ಟರು. ಉಳಿದದ್ದಕ್ಕೆ ಸಂಬಳ ಇಷ್ಟೇ ಎಂದು ಯಾರಿಗಾದರೂ ಅನ್ನಿಸುವಂಥ ವರ್ಷಗಳು ಅವು. 1986ರ ಫೆಬ್ರುವರಿಯಲ್ಲಿ ಸಿಲ್ವಿಯೊ ಬೆರ್ಲುಸ್ಕೋನಿ ಎಂಬ ಧನಿಕ ಕ್ಲಬ್ಬನ್ನು ಕೊಂಡು ಹಣದ ಹೊಳೆ ಹರಿಸದಿದ್ದರೆ, ಬರೇಸಿಯ ಹೆಸರು ಇಂದು ನಿನಗೂ ನನಗೂ ತಿಳಿದಿರುತ್ತಿತ್ತೋ ಇಲ್ಲವೋ. ಅದೃಷ್ಟದ ಪಾಲನ್ನು ಮರೆಮಾಚಿ ನಿನಗೆ ನೀತಿ ಹೇಳುವುದು ನನಗೆ ಸರಿತೋರುವುದಿಲ್ಲ.

ಹಣವೊಂದೇ ಬಂದಿದ್ದರೆ ಸಾಕಾಗುತ್ತಿರಲಿಲ್ಲ. 1987ರಲ್ಲಿ ಅರೀಗೊ ಸಾಕಿ ಎಂಬ ತರಬೇತುದಾರ ಬಂದರು. ಅವರು ದೊಡ್ಡ ಮಟ್ಟದಲ್ಲಿ ಎಂದೂ ಆಡಿದವರಲ್ಲ. ಅದಕ್ಕೆ ಮೊದಲು ಪಾರ್ಮ ತಂಡವನ್ನು ಎರಡನೇ ದರ್ಜೆಯಲ್ಲಿ ನೋಡಿಕೊಳ್ಳುತ್ತಿದ್ದರು. ಎದುರಾಳಿಯನ್ನು ಒಬ್ಬೊಬ್ಬರಾಗಿ ಬೆನ್ನಟ್ಟುವ ಇಟಲಿಯ ಹಳೆಯ ಪದ್ಧತಿಯನ್ನು ಕೈಬಿಟ್ಟು, ಗೋಲನ್ನು ಕಾಯುವ ಹಿಂದಿನ ಸಾಲಿನ ನಾಲ್ವರು ಡಿಫೆಂಡರುಗಳು ಒಂದೇ ಸಾಲಿನಲ್ಲಿ ಹಗ್ಗಕ್ಕೆ ಕಟ್ಟಿದವರಂತೆ ಮುಂದಕ್ಕೂ ಹಿಂದಕ್ಕೂ ಚಲಿಸಬೇಕು, ಇಡೀ ತಂಡ ಇಪ್ಪತ್ತೈದು ಮೀಟರಿನಷ್ಟು ಜಾಗದೊಳಗೆ ಇಕ್ಕಟ್ಟಾಗಿ ನಿಂತು ಎದುರಾಳಿಗೆ ಉಸಿರಾಡಲು ಬಿಡಬಾರದು ಎಂಬುದು ಅವರ ಪಾಠ. ಬರೇಸಿ ಅದುವರೆಗೆ ಆಡುತ್ತಿದ್ದದ್ದು ಎಲ್ಲರ ಹಿಂದೆ ಸ್ವತಂತ್ರವಾಗಿ ನಿಲ್ಲುವ 'ಲಿಬೆರೊ' ಸ್ಥಾನದಲ್ಲಿ. ಅಂದರೆ ಅವನ ಹತ್ತು ವರ್ಷದ ವಿದ್ಯೆಯ ಬುಡವನ್ನೇ ಅಲುಗಿಸುವ ಪಾಠವಿದು. ಪಾರ್ಮದಲ್ಲಿ ಆಡುತ್ತಿದ್ದ ಜ್ಯಾನ್‌ಲೂಕ ಸಿನ್ಯೊರೀನಿ ಎಂಬ ಡಿಫೆಂಡರನ ಚಲನೆಯನ್ನು ವಿಡಿಯೊದಲ್ಲಿ ನೋಡಿ ಕಲಿ ಎಂದು ಸಾಕಿ ಅವನಿಗೆ ಹೇಳಿದರಂತೆ. ಇಪ್ಪತ್ತೇಳು ವರ್ಷದ ನಾಯಕ, ರಾಷ್ಟ್ರೀಯ ತಂಡದ ಆಟಗಾರ, ಎರಡನೇ ದರ್ಜೆಯವನೊಬ್ಬನನ್ನು ನೋಡಿ ಕಲಿಯಬೇಕೆಂದರೆ! ನಮ್ಮಲ್ಲಿ ಎಷ್ಟು ಜನ ಅದನ್ನು ಅವಮಾನವೆಂದುಕೊಂಡು ಗಂಟು ಕಟ್ಟುತ್ತಿದ್ದೆವೋ ಯೋಚಿಸು. ಅವನು ಕಲಿತ, ಕಲಿತದ್ದನ್ನು ಪಕ್ಕದಲ್ಲಿದ್ದ ಟಸ್ಸೋಟಿ, ಕೊಸ್ಟಾಕುರ್ಟ, ಮಾಲ್ಡೀನಿಯರಿಗೆ ಮೈದಾನದಲ್ಲಿ ನಿತ್ಯ ಕಲಿಸಿದ. ಅವನು ಬಲಗೈ ಎತ್ತಿ ಒಂದು ಹೆಜ್ಜೆ ಮುಂದಿಟ್ಟರೆ ಇಡೀ ಸಾಲು ಮುಂದಕ್ಕೆ ಸರಿಯುತ್ತಿತ್ತು, ಎದುರಿನ ಮುಂಚೂಣಿ ಆಟಗಾರ ಆಫ್‌ಸೈಡಿನಲ್ಲಿ, ಅಂದರೆ ಚೆಂಡು ಬಂದರೂ ಆಡುವಂತಿಲ್ಲದ ಜಾಗದಲ್ಲಿ, ಒಂಟಿಯಾಗಿ ನಿಲ್ಲುತ್ತಿದ್ದ.

ಫಲಗಳನ್ನು ಬೇಗನೆ ಹೇಳಿಬಿಡುತ್ತೇನೆ, ಅವು ಎಲ್ಲರಿಗೂ ಗೊತ್ತಿರುವಂಥವು. 1988ರಲ್ಲಿ ಲೀಗ್ ಪ್ರಶಸ್ತಿ. 1989ರಲ್ಲಿ ಬಾರ್ಸಿಲೋನದಲ್ಲಿ ರೊಮೇನಿಯದ ಸ್ಟೆಯಾವ ಬುಕಾರೆಸ್ಟನ್ನು 4-0ಯಿಂದ ಮಣಿಸಿ ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಪ್ರಶಸ್ತಿಯಾದ ಯುರೋಪಿಯನ್ ಕಪ್, 1990ರಲ್ಲಿ ಮತ್ತೊಮ್ಮೆ ಅದೇ ಕಪ್. ಆಮೇಲೆ ಫಾಬಿಯೊ ಕಪೆಲ್ಲೊ ತರಬೇತಿಯಲ್ಲಿ ತಂಡ ಲೀಗಿನ 58 ಪಂದ್ಯಗಳನ್ನು ಸತತವಾಗಿ ಸೋಲದೆ ಆಡಿತು. 1993-94ರ ಋತುವಿನ 34 ಪಂದ್ಯಗಳಲ್ಲಿ ಬಿಟ್ಟುಕೊಟ್ಟ ಗೋಲುಗಳು ಕೇವಲ 15. ಎತ್ತರ ಆರಡಿಯೂ ಇಲ್ಲದ, ಇಂಟರ್ ಬೇಡವೆಂದ ಪುಟ್ಟನ ಹಿಂದೆ ಇವೆಲ್ಲ ನಡೆದವು.

ಆದರೆ ಅವನನ್ನು ನಾನು ಕಣ್ಣಾರೆ ನೋಡಿ ಒಲಿದದ್ದು ಅವನು ಸೋತ ರಾತ್ರಿಯಲ್ಲಿ. 1994ರ ವಿಶ್ವಕಪ್ಪಿನಲ್ಲಿ, ಜೂನ್ 23ರಂದು, ನಾರ್ವೆಯ ವಿರುದ್ಧ ಆಡುವಾಗ ಅವನ ಮೊಣಕಾಲಿನೊಳಗಿನ ಮೆನಿಸ್ಕಸ್ ಎಂಬ ಮೆದು ಎಲುಬು ಹರಿಯಿತು. ಮೂವತ್ತನಾಲ್ಕು ವರ್ಷದವನಿಗೆ ಶಸ್ತ್ರಚಿಕಿತ್ಸೆ ಆಯಿತು. ಅವನ ವಿಶ್ವಕಪ್ ಮುಗಿಯಿತೆಂದು ಎಲ್ಲರೂ ಬರೆದರು. ಇಟಲಿ ಫೈನಲ್ ತಲುಪಿದಾಗ ಕೊಸ್ಟಾಕುರ್ಟ, ಟಸ್ಸೋಟಿ ಇಬ್ಬರೂ ನಿಷೇಧದಲ್ಲಿದ್ದರು. ಜುಲೈ 17ರ ಮಧ್ಯಾಹ್ನ ಪ್ಯಾಸಡೀನದ ಉರಿಬಿಸಿಲಿನಲ್ಲಿ, ಇಲ್ಲಿ ನಮಗೆ ನಡುರಾತ್ರಿ ಒಂದು ಗಂಟೆಯಲ್ಲಿ, ನಾಯಕನಾಗಿ ಇಳಿದು ಬಂದವನು ಬರೇಸಿ. ಪಕ್ಕದ ಮನೆಯ ಟೀವಿಯ ಮುಂದೆ ಕುಳಿತಿದ್ದ ನಾವು ನಾಲ್ವರು ಕಣ್ಣುಜ್ಜಿಕೊಂಡು ನೋಡಿದೆವು. 120 ನಿಮಿಷ ಬ್ರೆಜಿಲ್ಲಿನ ಮುಂಚೂಣಿ ಆಟಗಾರರಾದ ರೊಮಾರಿಯೊ, ಬೆಬೆಟೊ ಇಬ್ಬರನ್ನೂ ಅವನು ಮತ್ತು ಮಾಲ್ಡೀನಿ ಸೇರಿ ತಡೆದ ರೀತಿಯನ್ನು ನಾನು ಇಂದಿಗೂ ಮರೆತಿಲ್ಲ. ಕೊನೆಗೆ ಕಾಲು ಹಿಡಿದುಕೊಂಡು ನೆಲದ ಮೇಲೆ ಒದ್ದಾಡುತ್ತಿದ್ದವನೇ ಎದ್ದು ಹೋಗಿ ಇಟಲಿಯ ಮೊದಲ ಪೆನಾಲ್ಟಿ ಒದ್ದ. ಚೆಂಡು ಕಂಬದ ಮೇಲೆ ಹಾರಿಹೋಯಿತು. ಮಸ್ಸಾರೊ ಒದ್ದದ್ದನ್ನು ಗೋಲ್‌ಕೀಪರ್ ತಡೆದ, ರಾಬರ್ಟೊ ಬ್ಯಾಜಿಯೊನ ಹೊಡೆತವೂ ಮೇಲೆ ಹಾರಿತು, ಬ್ರೆಜಿಲ್ 3-2ರಿಂದ ಗೆದ್ದಿತು. ಜಗತ್ತು ಬ್ಯಾಜಿಯೊನ ತಪ್ಪನ್ನಷ್ಟೇ ನೆನಪಿಟ್ಟುಕೊಂಡಿದೆ. ನನಗೆ ನೆನಪಿರುವುದು ಮಗುವಿನಂತೆ ಬಿಕ್ಕಿಬಿಕ್ಕಿ ಅಳುತ್ತಿದ್ದ ಆ ನಾಯಕ.

ನಿಷ್ಠೆಗೆ ಪ್ರತಿಫಲ ಸಿಗುತ್ತದೆಯೇ ಎಂದು ನಿನ್ನ ಗೆಳೆಯರು ವಾದಿಸುತ್ತಾರೆಂದು ನೀನು ಹೇಳಿದೆ. ಬರೇಸಿಗೇನೋ ಸಿಕ್ಕಿತು. ಇಪ್ಪತ್ತು ಋತು, 719 ಪಂದ್ಯಗಳಾದ ಮೇಲೆ 1997ರಲ್ಲಿ ಅವನು ನಿವೃತ್ತನಾದಾಗ, ಅವನ ಆರನೇ ನಂಬರಿನ ಅಂಗಿಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ಕ್ಲಬ್ಬು ತೀರ್ಮಾನಿಸಿತು. ಕೊನೆಯ ಋತುವಿನಲ್ಲಿ ತಂಡ 11ನೇ ಸ್ಥಾನಕ್ಕೆ ಜಾರಿತ್ತು ಎಂಬುದನ್ನೂ ಸೇರಿಸಿ ಹೇಳಬೇಕು. ಅವನ ಕೊನೆಯ ದಿನಗಳೇನೂ ಹೂವಿನ ಹಾಸಿಗೆಯಾಗಿರಲಿಲ್ಲ. ಆದರೆ ಅವನ ನಂತರ ನಾಯಕನಾದ ಪಾವೊಲೊ ಮಾಲ್ಡೀನಿಯನ್ನು ನೋಡು. ಅವನೂ ಬೇರೆ ಅಂಗಿ ತೊಡದವನು, 902 ಪಂದ್ಯ ಆಡಿದವನು, ಐದು ಯುರೋಪಿಯನ್ ಕಪ್ ಗೆದ್ದವನು. 2009ರ ಮೇ ತಿಂಗಳಲ್ಲಿ ಸ್ವಂತ ಮೈದಾನದಲ್ಲಿ ಅವನ ಕೊನೆಯ ಪಂದ್ಯ ಮುಗಿದು ಸುತ್ತು ಬರುವಾಗ, ತಂಡದ ಕಟ್ಟಾ ಬೆಂಬಲಿಗರ ಒಂದು ಗುಂಪು ಹಳೆಯ ಮನಸ್ತಾಪವನ್ನು ಎತ್ತಿಕೊಂಡು ಸಿಳ್ಳೆ ಹಾಕಿ ಹಂಗಿಸಿತು. ಬರೇಸಿಯ ಆರನೇ ನಂಬರಿನ ಅಂಗಿಯ ಚಿತ್ರವನ್ನೇ ಹಿಡಿದು, ನಾಯಕನೆಂದರೆ ಅವನೊಬ್ಬನೇ ಎಂದು ಕೂಗಿತು. ಒಬ್ಬನ ನಿಷ್ಠೆಯನ್ನು ಇನ್ನೊಬ್ಬನಿಗೆ ಹೊಡೆಯುವ ಕೋಲಾಗಿ ಬಳಸಿದ್ದು ನನಗೆ ಇಂದಿಗೂ ನೋವಿನ ಸಂಗತಿ. ಅಣ್ಣ ಜ್ಯುಸೆಪ್ಪೆಯೂ ಇಂಟರ್ ತಂಡದಲ್ಲಿ ಹದಿನೈದು ವರ್ಷ ದುಡಿದು, ಅಲ್ಲಿಯೂ ನಾಯಕನಾಗಿದ್ದು, ಕೊನೆಗೆ ಮೋಡೆನ ತಂಡಕ್ಕೆ ಹೋಗಿ ಆಟ ಮುಗಿಸಿದ. ಅವನನ್ನು ನಿಯತ್ತಿಲ್ಲದವನೆಂದು ಕರೆಯುವ ಧೈರ್ಯ ಯಾರಿಗಿದೆ?

ಆದ್ದರಿಂದ, ಪುಟ್ಟ, ನೀನು ಕೇಳಿದ ಪ್ರಶ್ನೆಯನ್ನು ಕೊಂಚ ತಿರುಗಿಸಿ ಕೇಳಿಕೋ ಎಂಬುದಷ್ಟೇ ನನ್ನ ಮಾತು. ಉಳಿದರೆ ಜನ ಹೊಗಳುತ್ತಾರೆಯೇ, ಹೋದರೆ ತೆಗಳುತ್ತಾರೆಯೇ ಎಂಬ ಲೆಕ್ಕ ಬೇಡ. ಮುಂದಿನ ವರ್ಷ ಆ ಕೆಳಗಿನ ಡಿವಿಷನ್ನಿನ ಮೈದಾನದಲ್ಲಿ, ನೋಡುವವರು ಇಪ್ಪತ್ತು ಜನವೂ ಇಲ್ಲದ ಬೆಳಗ್ಗೆ, ಹೊಸದನ್ನು ಕಲಿಯುವ ಹಸಿವು ನಿನಗೆ ಉಳಿದಿರುತ್ತದೆಯೇ, ನಿನ್ನ ಪಕ್ಕದಲ್ಲಿ ನಿಲ್ಲುವ ಹದಿನೇಳರ ಹುಡುಗರಿಗೆ ನಿನ್ನಿಂದ ಏನಾದರೂ ದಕ್ಕುತ್ತದೆಯೇ ಎಂದು ನೋಡಿಕೋ. ಇರುತ್ತದೆ ಎಂದಾದರೆ ಉಳಿ. ಇಲ್ಲವೆಂದು ತೋರಿದರೆ, ತರಬೇತುದಾರರ ಎದುರು ಕುಳಿತು, ಮುಚ್ಚಿಡದೆ ಹೇಳಿ, ಕೈಮುಗಿದು ಹೊರಡು. ಹಣದ ವಿಷಯದಲ್ಲಿ ನಿನ್ನ ಅಮ್ಮ ಹೇಳುವುದನ್ನೂ ತಳ್ಳಿಹಾಕಬೇಡ. ಆಟಗಾರನ ಮೊಣಕಾಲು ಎಷ್ಟು ವರ್ಷ ಬಾಳುತ್ತದೆಯೆಂದು ಅವಳಿಗೂ ಗೊತ್ತು.

ಮುಂದಿನ ತಿಂಗಳು ಊರಿಗೆ ಬರುತ್ತೀಯಲ್ಲ, 1994ರ ಫೈನಲಿನ ದಾಖಲೆಯನ್ನು ಇಬ್ಬರೂ ಕುಳಿತು ನೋಡೋಣ. ಎಲ್ಲರೂ ನೋಡುವ ಪೆನಾಲ್ಟಿಗಳು ಆಮೇಲಿರಲಿ. ಮೊದಲಿನಿಂದ ನೋಡೋಣ, ಚೆಂಡು ಎಲ್ಲೋ ದೂರದಲ್ಲಿರುವಾಗ ಆರನೇ ನಂಬರಿನವನು ಎಲ್ಲಿ ನಿಂತಿರುತ್ತಾನೆಂದು ಗಮನಿಸುತ್ತಾ. ನಿನ್ನ ಅತ್ತೆ ಹಲಸಿನ ಹಪ್ಪಳ ಮಾಡಿಟ್ಟಿದ್ದಾಳೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಸೋದರಮಾವ