ಲ್ಯಾಮ್ಡಾ ಬರೆಯುವವರಿಗೆ: ಮೊದಲು ಲ್ಯಾಪ್‌ಟಾಪ್‌ನಲ್ಲೇ ಓಡಿಸಿ

ಗೆಳೆಯರೇ, ಲ್ಯಾಮ್ಡಾ (ಸರ್ವರ್ ನೋಡಿಕೊಳ್ಳದೇ ಕೋಡ್ ಓಡಿಸುವ ಅಮೆಜಾನ್ ಕ್ಲೌಡ್ ಸೇವೆ) ಕೋಡ್‌ನಲ್ಲಿ ಒಂದು ಸಾಲು ತಿದ್ದಿದರೂ ಕ್ಲೌಡ್‌ಗೆ ಏರಿಸಿ ನೋಡುವ ಅಭ್ಯಾಸ ಬಿಡೋಣ. ಇದಕ್ಕೆ ಅಮೆಜಾನ್‌ನದೇ ಸ್ಯಾಮ್ ಅನ್ನೋ ಟೂಲ್ ಇದೆ. ಟರ್ಮಿನಲ್‌ನಲ್ಲಿ ‘ಸ್ಯಾಮ್ ಬಿಲ್ಡ್’, ಆಮೇಲೆ ‘ಸ್ಯಾಮ್ ಲೋಕಲ್ ಇನ್ವೋಕ್’ ಕೊಡಿ. ಡಾಕರ್ (ಕೋಡ್‌ಗೆ ಪ್ರತ್ಯೇಕ ಪರಿಸರ ಕೊಡುವ ಸಾಫ್ಟ್‌ವೇರ್) ಓಡುತ್ತಿರಬೇಕು, ಅಷ್ಟೇ. ಪರೀಕ್ಷೆಗೆ ಈವೆಂಟ್ ಫೈಲನ್ನು (ಫಂಕ್ಷನ್‌ಗೆ, ಅಂದರೆ ನಿಮ್ಮ ಲ್ಯಾಮ್ಡಾ ಕೋಡ್‌ಗೆ, ಕೊಡುವ ಇನ್‌ಪುಟ್) ಸುಮ್ನೆ ಕೈಯಲ್ಲಿ ಬರೆಯಬೇಡಿ, ‘ಸ್ಯಾಮ್ ಲೋಕಲ್ ಜನರೇಟ್-ಈವೆಂಟ್’ ಮಾದರಿ ಕೊಡುತ್ತದೆ.

ಕೋಡ್ ತಿದ್ದಿದರೂ ಹಳೇ ಉತ್ತರವೇ ಬರುತ್ತಿದೆಯಾ? ಮತ್ತೆ ಬಿಲ್ಡ್ ಮಾಡಿರುವುದಿಲ್ಲ. ಮೊನ್ನೆ ಇದರಲ್ಲೇ ನನ್ನ ಅರ್ಧ ದಿನ ಹೋಯಿತು, ನಗಬೇಡಿ.

ಲ್ಯಾಪ್‌ಟಾಪ್‌ನಲ್ಲಿ ಓಡುವಾಗ ಬಳಕೆಯಾಗುವುದು ನಿಮ್ಮ ಸ್ವಂತ ಅನುಮತಿ, ಫಂಕ್ಷನ್‌ನ ರೋಲ್ (ಕ್ಲೌಡ್‌ನಲ್ಲಿ ಅದಕ್ಕೆ ಕೊಟ್ಟಿರುವ ಅನುಮತಿ) ಅಲ್ಲ. ಹಾಗಾಗಿ ಇಲ್ಲಿ ಓಡಿದ್ದು ಕ್ಲೌಡ್‌ನಲ್ಲಿ ‘ಆಕ್ಸೆಸ್ ಡಿನೈಡ್’ ಅನ್ನಬಹುದು. ಟೈಮ್‌ಔಟ್ (ಫಂಕ್ಷನ್ ಗರಿಷ್ಠ ಎಷ್ಟು ಹೊತ್ತು ಓಡಬಹುದು ಅನ್ನುವುದು) ಕೂಡ ನೋಡಿ. ನೀವು ಹಾಕದಿದ್ದರೆ ಬರೀ 3 ಸೆಕೆಂಡ್. ಏರಿಸಿದ ಮೇಲೆ ‘ಸ್ಯಾಮ್ ಲಾಗ್ಸ್’ ಜೊತೆ ‘ಟೇಲ್’ ಸೇರಿಸಿದರೆ ಲಾಗ್ ಆಗಿಂದಾಗಲೇ ಬರುತ್ತಿರುತ್ತದೆ.